ಮೊದಲು ಕಾಲಿನ ವಿಚಾರ

ಪ್ರಿಯ ಗೆಳೆಯಾ,

ಮಗಳಿಗೆ ಡ್ರಮ್ ಸೆಟ್ ಕೊಡಿಸಬೇಕೆಂದು ಬರೆದಿದ್ದೀಯ. ಕಲ್ಯಾಣ್‌ನಲ್ಲಿ ಯಾರೋ ಮಾರಲು ಇಟ್ಟಿರುವ ಕೆಂಪು ಸೆಟ್ಟಿನ ಫೋಟೊವನ್ನೂ ಕಳಿಸಿದ್ದೀಯ. ಬಣ್ಣ ಚೆನ್ನಾಗಿದೆ, ಆದರೆ ಕೊಳ್ಳಬೇಡ. ಸೆಟ್ಟಿನಲ್ಲಿ ಅಂಥ ದೋಷವೇನೂ ಇಲ್ಲ. ತೊಂದರೆ ಇರುವುದು ಡೊಂಬಿವಲಿಯ ನಿನ್ನ ಮೂರನೆಯ ಮಹಡಿಯಲ್ಲಿ.

ಮಾರುವವನು ಅದನ್ನು ‘ಫೈವ್ ಪೀಸ್’, ಅಂದರೆ ಐದು ಭಾಗದ ಸೆಟ್ಟು ಎಂದು ಹೇಳಿದ್ದು ನಿಜವೇ. ಆದರೆ ಆ ಐದರ ಲೆಕ್ಕದಲ್ಲಿ ಬರುವುದು ಡ್ರಮ್‌ಗಳು ಮಾತ್ರ: ಕಾಲಿನಿಂದ ಬಾರಿಸುವ 22 ಇಂಚಿನ ಬಾಸ್, ಮೊಣಕಾಲುಗಳ ನಡುವೆ ನಿಲ್ಲುವ 14 ಇಂಚಿನ ಸ್ನೇರ್, ಬಾಸ್ ಮೇಲೆ ಕೂರಿಸಿದ ಎರಡು ಟಾಮ್, ಬಲಗಡೆ ಫ್ಲೋರ್ ಟಾಮ್. ತಾಳಗಳು, ಅಂದರೆ ಸಿಂಬಲ್ ಎನ್ನುವ ಲೋಹದ ತಟ್ಟೆಗಳು, ಆ ಲೆಕ್ಕಕ್ಕೆ ಸೇರುವುದಿಲ್ಲ. ಅಗ್ಗದ ಸೆಟ್ಟಿನ ಜೊತೆ ಕೊಡುವ ತಾಳಗಳು ಸಾಮಾನ್ಯವಾಗಿ ಹಿತ್ತಾಳೆಯವು. ಬಡಿದರೆ ಸದ್ದು ಬರುತ್ತದೆ, ನಾದ ಬರುವುದಿಲ್ಲ. ಒಳ್ಳೆಯವು ಕಂಚಿನವು, ಅದರಲ್ಲೂ ನೂರಕ್ಕೆ 20 ಪಾಲು ತವರ ಬೆರೆತ ಕಂಚು. ಅವುಗಳ ಬೆಲೆ ಕೇಳಿದರೆ ಡ್ರಮ್‌ಗಳೇ ಅಗ್ಗ ಅನ್ನಿಸುತ್ತದೆ.

ನಿನ್ನ ಮಗಳಿಗೆ ಕೈ ಒಲಿದಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಾಟುಂಗಾದಲ್ಲಿ ಯಕ್ಷಗಾನಕ್ಕೆ ಕರೆತಂದಿದ್ದಾಗ ಅವಳು ವೇಷಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚೆಂಡೆಯವರ ಮಣಿಕಟ್ಟಿನ ಮೇಲೆಯೇ ಅವಳ ದೃಷ್ಟಿ. ಆದರೆ ಚೆಂಡೆಯಲ್ಲಿ ಕೆಲಸವೆಲ್ಲ ಎರಡು ಕೋಲುಗಳದು. ಡ್ರಮ್ ಸೆಟ್ ಎಂಬ ವಾದ್ಯ ಹುಟ್ಟಿದ್ದೇ ಕಾಲಿನಿಂದ. ಮೊದಲು ಬ್ಯಾಂಡ್‌ಗಳಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಸ್ನೇರ್‌ಗೆ ಇನ್ನೊಬ್ಬ ಇರುತ್ತಿದ್ದರು. 1909ರಲ್ಲಿ ಷಿಕಾಗೋದ ಲಡ್ವಿಗ್ ಸಹೋದರರು ಚುರುಕಾಗಿ ಓಡುವ ಪೆಡಲ್ ತಂದ ಮೇಲೆ ಒಬ್ಬನೇ ಕೂತು ಇಬ್ಬರ ಕೆಲಸ ಮಾಡುವುದು ಸಲೀಸಾಯಿತು. 1920ರ ದಶಕದಲ್ಲಿ ಹೈ-ಹ್ಯಾಟ್, ಅಂದರೆ ಪೆಡಲ್ ಒತ್ತಿ ಮುಚ್ಚುವ ಜೋಡಿ ತಾಳ, ಬಂದು ಎಡಗಾಲಿಗೂ ಉದ್ಯೋಗ ಸಿಕ್ಕಿತು. ಹಾಗಾಗಿ ನನ್ನ ಲೆಕ್ಕ ಕೆಳಗಿನಿಂದ ಶುರುವಾಗುತ್ತದೆ. ಮೊದಲು ಸ್ಟೂಲು ಮತ್ತು ಪೆಡಲ್, ಆಮೇಲೆ ಉಳಿದದ್ದು. ಅಂಗಡಿಯವರು ಇದನ್ನು ತಿರುಗಿಸಿ ಹೇಳುತ್ತಾರೆ, ಏಕೆಂದರೆ ಫಳಫಳ ಹೊಳೆಯುವುದು ಮೇಲಿನ ಭಾಗ.

ಸ್ಟೂಲು ಅಲುಗಾಡಬಾರದು. ಕೂತಾಗ ಸೊಂಟ ಮೊಣಕಾಲಿಗಿಂತ ತುಸು ಎತ್ತರದಲ್ಲಿರಬೇಕು, ಪಾದ ಪೂರ್ತಿ ಪೆಡಲ್ ಮೇಲೆ ಊರಬೇಕು. ಮಗು ವರ್ಷ ವರ್ಷ ಬೆಳೆಯುವುದರಿಂದ ಎತ್ತರ ಹೊಂದಿಸುವಂಥದ್ದೇ ಬೇಕು. ಪೆಡಲ್ ಅನ್ನು ಕೈಯಿಂದ ನಿಧಾನವಾಗಿ ಒತ್ತಿ ಬಿಟ್ಟು ನೋಡು. ಬಡಿಯುವ ದಂಡ ನೇರವಾಗಿ ಹೋಗಿ ನೇರವಾಗಿ ಹಿಂದಕ್ಕೆ ಬರಬೇಕು. ಅಡ್ಡಡ್ಡ ಓಲಾಡಿದರೆ ಬೇರೆ ತೋರಿಸಲು ಹೇಳು. ಸ್ಪ್ರಿಂಗಿನ ಬಿಗಿ ಹೊಂದಿಸುವ ತಿರುಪು ಇದೆಯೇ ಎಂದೂ ನೋಡಿಕೊ.

ಇನ್ನು ಮಹಡಿಯ ಮಾತು. ನಿಜವಾದ ಡ್ರಮ್ ಸೆಟ್ ಬಾರಿಸಿದರೆ ಸದ್ದು 100 ಡೆಸಿಬೆಲ್ ಸಲೀಸಾಗಿ ದಾಟುತ್ತದೆ. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುವುದು ಹಗಲು 55, ರಾತ್ರಿ 45. ಸೊಸೈಟಿಯ ಕಾರ್ಯದರ್ಶಿ ಈ ಅಂಕಿಗಳನ್ನು ಹುಡುಕಿಕೊಂಡು ಬರುವ ದಿನ ದೂರವಿರುವುದಿಲ್ಲ. ಆದ್ದರಿಂದ ಪ್ಯಾಡು ಬಾರಿಸಿ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುವ ಎಲೆಕ್ಟ್ರಾನಿಕ್ ಸೆಟ್ಟೇ ನಿನಗೆ ಸರಿ. ರಬ್ಬರ್ ಪ್ಯಾಡಿನದು ಬೇಡ, ಬಲೆಯ (ಮೆಶ್) ಹೊದಿಕೆಯದು ಕೊಡಿಸು. 1997ರಲ್ಲಿ ರೋಲ್ಯಾಂಡ್ ಕಂಪನಿ ತನ್ನ ವಿ-ಡ್ರಮ್ಸ್‌ನಲ್ಲಿ ಇದನ್ನು ತಂದಾಗ ದುಡ್ಡಿದ್ದವರಿಗೆ ಮಾತ್ರ ಎಟುಕುತ್ತಿತ್ತು. ಈಗ ಹೊಸದಾಗಿ ಕಲಿಯುವವರ ಸೆಟ್ಟುಗಳಲ್ಲೂ ಬಂದಿದೆ, 30-40 ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಸುತ್ತಿಡುವ ಚಾಪೆಯಂಥ ಡ್ರಮ್ಮುಗಳಿವೆಯಲ್ಲ, ಅವು ಆಟಿಕೆ.

ಹೆಡ್‌ಫೋನ್ ಹಾಕಿಕೊಂಡರೆ ಕೆಲಸ ಮುಗಿಯಿತೆಂದು ತಿಳಿಯಬೇಡ. ಮೇಲಿನ ಪ್ಯಾಡುಗಳ ಟಕಟಕ ನಿಮ್ಮ ಬಾಗಿಲು ದಾಟುವುದಿಲ್ಲ. ಪೆಡಲಿನ ಪೆಟ್ಟು ಮಾತ್ರ ಕಂಬಿ, ನೆಲ, ಸ್ಲ್ಯಾಬ್ ಹಾದು ಕೆಳಮನೆಯವರ ತಲೆಯ ಮೇಲೆ ಧಡ್ ಎಂದು ಬೀಳುತ್ತದೆ. ಕೆಳಗೆ ಇರುವವರಿಗೆ ಹಾಡೂ ಇಲ್ಲ, ತಾಳವೂ ಇಲ್ಲ, ಬರೀ ಧಡ್ ಧಡ್. ಇದಕ್ಕೆ ಡ್ರಮ್ಮರ್‌ಗಳು ಕಂಡುಕೊಂಡ ಉಪಾಯ ಟೆನಿಸ್ ಚೆಂಡು. ಸೆಟ್ಟಿನಷ್ಟೇ ಅಗಲದ ಎರಡು ದಪ್ಪ ಪ್ಲೈವುಡ್ ಹಲಗೆ ಕೊಯ್ಯಿಸು. ಕೆಳಗಿನ ಹಲಗೆಯಲ್ಲಿ ಚೆಂಡಿಗಿಂತ ಸಣ್ಣ ವೃತ್ತಾಕಾರದ ತೂತುಗಳನ್ನು ಸಾಲಾಗಿ ಕೊರೆಯಿಸಿ, ಚೆಂಡು ಉರುಳದಂತೆ ಕೂರಿಸು. ಮೇಲಿನ ಹಲಗೆ ಚೆಂಡುಗಳ ಮೇಲೆಯೇ ನಿಲ್ಲಬೇಕು, ಎಲ್ಲಿಯೂ ಕೆಳಗಿನ ಹಲಗೆಗೆ, ಗೋಡೆಗೆ ತಾಗಬಾರದು. ಒಂದು ಮೂಲೆ ತಾಗಿದರೂ ಪೆಟ್ಟು ಅಲ್ಲಿಂದಲೇ ಇಳಿದುಹೋಗುತ್ತದೆ. ಮೇಲೆ ಹಳೆಯ ಜಮಖಾನೆ ಹಾಸಿ ಸೆಟ್ಟು, ಸ್ಟೂಲು ಎರಡನ್ನೂ ಅದರ ಮೇಲೆ ಇಡು. ಇಷ್ಟಾದರೂ ರಾತ್ರಿ ಒಂಬತ್ತರ ನಂತರ ಪೆಡಲ್ ಬೇಡ.

ಬಡಿಯುವ ದಂಡವೇ ಇಲ್ಲದ ಪೆಡಲ್ ಇರುವ ಅಗ್ಗದ ಸೆಟ್ಟುಗಳೂ ಇವೆ. ಕೆಳಮನೆಯವರಿಗೆ ಅದರಿಂದ ನೆಮ್ಮದಿ ಹೆಚ್ಚು, ಒಪ್ಪುತ್ತೇನೆ. ಆದರೆ ದಂಡ ತಾಗಿ ಹಿಂದಕ್ಕೆ ಪುಟಿಯುವ ಅನುಭವ ಕಾಲಿಗೆ ಸಿಗುವುದಿಲ್ಲ. ಮುಂದೆ ನಿಜವಾದ ಸೆಟ್ಟಿನ ಮುಂದೆ ಕೂತಾಗ ಅವಳು ಕಾಲನ್ನು ಹೊಸದಾಗಿ ಪಳಗಿಸಬೇಕಾಗುತ್ತದೆ. ನಾನಾದರೆ ದಂಡವಿರುವುದನ್ನೇ ತೆಗೆದುಕೊಳ್ಳುತ್ತೇನೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಸ್ನೇರ್ ಪ್ಯಾಡನ್ನು ಮೊದಲು ಬೆರಳ ತುದಿಯಷ್ಟು ಮೆಲ್ಲಗೆ, ಬರಬರುತ್ತಾ ಜೋರಾಗಿ ಬಾರಿಸು. ಸದ್ದು ಮೆಟ್ಟಿಲು ಮೆಟ್ಟಿಲಾಗಿ ನೆಗೆಯದೆ ಏರಬೇಕು. ಹೈ-ಹ್ಯಾಟ್ ಪೆಡಲನ್ನು ಅರ್ಧ ಒತ್ತಿ ಹಿಡಿದು ಬಾರಿಸು. ಪೂರ್ತಿ ತೆರೆದ ಸದ್ದು, ಪೂರ್ತಿ ಮುಚ್ಚಿದ ಸದ್ದು ಎರಡೇ ಬಂದರೆ ಬೇರೆಯದನ್ನು ಕೇಳು. ಕೋಲು 7ಎ ಎಂಬ ಅಳತೆಯದು ಸಾಕು, ಚಿಕ್ಕ ಕೈಗೆ ಹಗುರ.

ಎಲೆಕ್ಟ್ರಾನಿಕ್‌ನಲ್ಲಿ ಮಾತ್ರ ಕಲಿತ ಮಕ್ಕಳು ತಾವು ಎಷ್ಟು ಜೋರು ಬಾರಿಸುತ್ತಿದ್ದೇವೆ ಎಂಬ ಅಳತೆಯನ್ನೇ ಕಳೆದುಕೊಳ್ಳುತ್ತಾರೆ, ಗುಂಡಿ ತಿರುಗಿಸಿದರೆ ಎಲ್ಲ ಸರಿಹೋಗುತ್ತದಲ್ಲ. ಅದಕ್ಕೆ ಆಗಾಗ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮಿಗೆ, ಅಂದರೆ ನಿಜವಾದ ಸೆಟ್ಟಿರುವ ಅಭ್ಯಾಸದ ಕೋಣೆಗೆ, ಕರೆದುಕೊಂಡು ಹೋಗು. ಕಿವಿಗೆ ಇಯರ್‌ಪ್ಲಗ್ ಹಾಕಿಸದೆ ಒಳಗೆ ಬಿಡಬೇಡ. ನೀನೂ ಹಾಕಿಕೊ.

ಬರುವ ಶನಿವಾರ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ಬಾ, ಅಲ್ಲಿಂದ ಧೋಬಿ ತಲಾವ್‌ಗೆ ನಡೆದೇ ಹೋಗೋಣ. 1865ರಿಂದ ವ್ಯಾಪಾರದಲ್ಲಿರುವ ಫುರ್ಟಾಡೋಸ್ ಅಂಗಡಿ ಅಲ್ಲಿದೆ. ಗೋವಾದ ವಾದ್ಯಗಾರರು ಪಿಟೀಲು, ಟ್ರಂಪೆಟ್ ಹಿಡಿದು ಓಡಾಡಿದ ಬೀದಿ ಅದು, ನೋಡಿದಂತೆಯೂ ಆಗುತ್ತದೆ. ಅಂದು ದುಡ್ಡು ಕೊಡುವುದು ಬೇಡ, ಕೂತು ನೋಡಿದರೆ ಸಾಕು. ಹೊರಡುವ ಮೊದಲು ಅತ್ತಿಗೆಯನ್ನು ಕೇಳಿ ಹಾಲ್‌ನ ಯಾವ ಮೂಲೆ ಬಿಟ್ಟುಕೊಡುತ್ತಾರೆಂದು ಟೇಪಿನಿಂದ ಅಳೆದು ಬರೆದುಕೊಂಡು ಬಾ. ಸುಮಾರು ಐದು ಅಡಿಗೆ ನಾಲ್ಕಾದರೂ ಬೇಕು. ಮಗಳಿಗೆ ಚಪ್ಪಲಿ ಬೇಡ, ಶಾಲೆಯ ಕ್ಯಾನ್ವಾಸ್ ಶೂ ಹಾಕಿಸಿಕೊಂಡು ಬಾ. ಪೆಡಲ್ ಆರಿಸುವುದು ಅವಳ ಕಾಲು, ನೀನೂ ಅಲ್ಲ, ನಾನೂ ಅಲ್ಲ.

ನಿನ್ನ ಗೆಳೆಯ