ಕಲ್ಲು ನೆಟ್ಟ ದಿನವೇ ನೋಟಿಸು

ಚಿಕ್ಕಬಳ್ಳಾಪುರ

ಚಿರಂಜೀವಿ ಸೋದರಸೊಸೆಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ.

ನೀನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯಾಗಿ ಕೆಲಸಕ್ಕೆ ಹಾಜರಾದದ್ದು ನಿನ್ನ ತಾಯಿಯಿಂದ ತಿಳಿದು ಸಂತೋಷವಾಯಿತು. ನಿನ್ನ ವ್ಯಾಪ್ತಿಯ ಹಳ್ಳಿಗಳಲ್ಲಿ ಅನುಮತಿಯಿಲ್ಲದ ಬಡಾವಣೆಗಳು ಏಳುತ್ತಿವೆ, ಯಾವುದಕ್ಕೆ ಮೊದಲು ಕೈಹಾಕಬೇಕೆಂದು ತೋಚುತ್ತಿಲ್ಲ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆ ಉತ್ತರವನ್ನು ಬರವಣಿಗೆಯಲ್ಲೇ ಕೊಡುವುದು ಮೇಲೆನ್ನಿಸಿತು. ಭೂಮಾಪನ ಇಲಾಖೆಯಲ್ಲಿದ್ದು ಈ ಜಿಲ್ಲೆಯ ಹೊಲಗಳಲ್ಲಿ ಸರಪಳಿ ಎಳೆಸಿದವನಾದ್ದರಿಂದ ಇಷ್ಟು ಹೇಳುವ ಸಲುಗೆ ನನಗಿದೆ ಎಂದುಕೊಂಡಿದ್ದೇನೆ.

2007ರಲ್ಲಿ ನಮ್ಮದು ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ನಂದಿ ತಪ್ಪಲಿನ ದ್ರಾಕ್ಷಿ ತೋಟಗಳಿಗೆ ಬೆಲೆ ಕಟ್ಟುವವರು ಆಮೇಲೆ ಬೆಳೆಯನ್ನು ನೋಡಲಿಲ್ಲ, ರಸ್ತೆಯನ್ನು ನೋಡಿದರು. ಭೂಸುಧಾರಣಾ ಕಾಯ್ದೆಗೆ ಬಂದ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು. ಕೊಳ್ಳುವುದು ತಪ್ಪಲ್ಲ. ಕೊಂಡ ಜಮೀನನ್ನು ಗುಂಟೆ ಲೆಕ್ಕದಲ್ಲಿ ಕತ್ತರಿಸಿ ‘ಫಾರ್ಮ್ ಪ್ಲಾಟ್’ ಎಂದು ಮಾರಿ, ಅದರಲ್ಲಿ ಮನೆ ಎದ್ದ ಮೇಲೂ ಇದು ಕೃಷಿಯೇ ಎಂದು ವಾದಿಸುವಲ್ಲಿ ನಿನ್ನ ಕೆಲಸ ಶುರುವಾಗುತ್ತದೆ.

ಮೊದಲು ಯಾವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೋ. ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ತಿರುಗಿಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಅನುಮತಿಯಿಲ್ಲದೆ ತಿರುಗಿಸಿದರೆ 96ನೇ ಕಲಮಿನಡಿ ದಂಡ. ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ ಹಳ್ಳಿಯಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 15 ಮತ್ತು 17ನೇ ಕಲಮುಗಳ ಮೇರೆಗೆ ಅಭಿವೃದ್ಧಿಗೂ ವಿನ್ಯಾಸ ನಕ್ಷೆಗೂ ಪ್ರತ್ಯೇಕ ಒಪ್ಪಿಗೆ ಬೇಕು. ಕಟ್ಟಡ ಕಟ್ಟಲು ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ನಿನ್ನ ಪಂಚಾಯತಿಯ ಪರವಾನಗಿ ಬೇಕು. ‘ಡಿಸಿ ಕನ್ವರ್ಷನ್ ಆಗಿದೆ’ ಎಂಬ ಒಂದೇ ಮಾತಿನಲ್ಲಿ ದಲ್ಲಾಳಿಗಳು ಈ ಮೂರನ್ನೂ ಮುಗಿಸಿಬಿಡುತ್ತಾರೆ. ಪರಿವರ್ತನೆಯ ಆದೇಶವಿದ್ದೂ ನಕ್ಷೆಗೆ ಒಪ್ಪಿಗೆಯಿಲ್ಲದ ಬಡಾವಣೆ ಅನಧಿಕೃತವೇ. ಅಲ್ಲಿ ರಸ್ತೆಯಾಗಲಿ ಉದ್ಯಾನವಾಗಲಿ ಪಂಚಾಯತಿಗೆ ಹಸ್ತಾಂತರವಾಗಿರುವುದಿಲ್ಲ, ಮುಂದೆ ಚರಂಡಿಯ ಖರ್ಚು ಮಾತ್ರ ನಿನ್ನ ತಲೆಗೆ ಬರುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಕಾಲದ ವಿಚಾರ. ಅನಧಿಕೃತ ಬಡಾವಣೆ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ. ಮೊದಲು ಬದುಗಳನ್ನು ಕಿತ್ತು ಜೆಸಿಬಿಯಲ್ಲಿ ನೆಲ ಮಟ್ಟ ಮಾಡುತ್ತಾರೆ, ಬಳಿಕ ಕೆಮ್ಮಣ್ಣಿನ ರಸ್ತೆ ಹಾಯಿಸಿ ಬಿಳಿ ಬಣ್ಣದ ಕಲ್ಲು ನೆಡುತ್ತಾರೆ, ಆಮೇಲೆ ಕಮಾನು, ಬೋರ್ಡು, ಮುಂಗಡ ವಸೂಲಿ. ಮನೆಗಳು ಬರುವುದು ಎಲ್ಲಕ್ಕೂ ಕೊನೆಗೆ. ಕಲ್ಲು ನೆಟ್ಟ ದಿನ ನಿನ್ನ ಎದುರಿಗೆ ಇರುವವನು ಒಬ್ಬನೇ, ಅವನಿಂದ ಇನ್ನೂ ಯಾರೂ ಕೊಂಡಿರುವುದಿಲ್ಲ, ಕೀಳಬೇಕಾದದ್ದು ಕಲ್ಲು ಮಾತ್ರ. ಎರಡು ವರ್ಷ ಬಿಟ್ಟು ಹೋದರೆ ಗಾರ್ಮೆಂಟ್ಸಿನಲ್ಲಿ ದುಡಿದ ಹಣವನ್ನೆಲ್ಲ ಸುರಿದು ಶೀಟಿನ ಮನೆ ಕಟ್ಟಿಕೊಂಡ ಸಂಸಾರಗಳು ಮಕ್ಕಳನ್ನು ಎತ್ತಿಕೊಂಡು ನಿನ್ನ ಮುಂದೆ ನಿಂತಿರುತ್ತವೆ. ಕಲ್ಲು ನೆಟ್ಟವನು ಬೇರೆ ತಾಲ್ಲೂಕಿನಲ್ಲಿ ಬೇರೆ ಹೆಸರಿನ ಬೋರ್ಡು ಹಾಕಿರುತ್ತಾನೆ. ತಡವಾದ ಕ್ರಮ ತಪ್ಪು ಮಾಡಿದವನನ್ನು ಬಿಟ್ಟು ಮೋಸಹೋದವನ ಮೇಲೆ ಬೀಳುವುದನ್ನು ನಾನು ಸೇವೆಯುದ್ದಕ್ಕೂ ನೋಡಿದ್ದೇನೆ. ಆದ್ದರಿಂದ ಗ್ರಾಮ ಆಡಳಿತ ಅಧಿಕಾರಿ, ನೀರುಗಂಟಿ, ಬಿಲ್ ಕಲೆಕ್ಟರ್ ಈ ಮೂವರಿಗೂ ಹೇಳಿಡು: ಹೊಲದಲ್ಲಿ ಜೆಸಿಬಿ ಕಂಡರೆ ಅಂದೇ ನಿನಗೆ ಸುದ್ದಿ ಬರಬೇಕು.

ಕ್ರಮ ಕೈಗೊಳ್ಳುವಾಗ ಆವೇಶಕ್ಕಿಂತ ಕಡತ ಮುಖ್ಯ. ಪಹಣಿ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ, ಖರಾಬು ತೋರಿಸುವ ದಾಖಲೆ), ಗ್ರಾಮನಕ್ಷೆ ಇವುಗಳ ಪ್ರತಿ ತರಿಸಿಕೋ. ಪಂಚರ ಸಮಕ್ಷಮ ಸ್ಥಳ ಮಹಜರು ಮಾಡಿ ದಿನಾಂಕ ಕಾಣುವಂತೆ ಫೋಟೋ ತೆಗೆಸು. ನೋಟಿಸಿನಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಉಲ್ಲಂಘನೆಯಾದ ಕಲಮು ಮೂರೂ ಇರಲಿ. ಅದನ್ನು ನೋಂದಾಯಿತ ಅಂಚೆಯಲ್ಲಿ ಕಳಿಸು, ಸ್ಥಳದಲ್ಲೂ ಅಂಟಿಸು. ಅದೇ ದಿನ ತಹಸೀಲ್ದಾರರಿಗೂ ಯೋಜನಾ ಪ್ರಾಧಿಕಾರಕ್ಕೂ ವರದಿ ಹೋಗಿ, ಕಳಿಸಿದ್ದಕ್ಕೆ ದಾಖಲೆಯಾಗಿ ಜಾವಕ ಸಂಖ್ಯೆ ಬೀಳಲಿ. ಬಾಯಿಮಾತಿನ ಎಚ್ಚರಿಕೆಯನ್ನು ಯಾವ ನ್ಯಾಯಾಲಯವೂ ಪುರಾವೆಯೆಂದು ಎಣಿಸುವುದಿಲ್ಲ. ಎದುರಾಳಿ ತಡೆಯಾಜ್ಞೆಗೆ ಓಡುವುದು ಖಚಿತವಾದ್ದರಿಂದ ನಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂದು ನ್ಯಾಯಾಲಯಕ್ಕೆ ಮೊದಲೇ ಸಲ್ಲಿಸುವ ಕೇವಿಯಟ್ ಅರ್ಜಿಯನ್ನು ಪಂಚಾಯತಿಯ ವಕೀಲರಿಂದ ಹಾಕಿಸು. ಅದು 90 ದಿನ ಜೀವಂತವಿರುತ್ತದೆ.

ತೆರವಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹಾಕಿಕೊಟ್ಟ ಕಟ್ಟುಪಾಡುಗಳನ್ನು ಒಮ್ಮೆ ಪೂರ್ತಿ ಓದು. ಮುಂಚಿತವಾಗಿ ಕನಿಷ್ಠ 15 ದಿನಗಳ ನೋಟಿಸು, ಖುದ್ದು ವಿಚಾರಣೆ, ಕಾರಣ ತಿಳಿಸುವ ಆದೇಶ, ಆದೇಶವಾದ ಮೇಲೆ ತಾನೇ ತೆಗೆದುಕೊಳ್ಳಲು ಮತ್ತೆ 15 ದಿನ, ಕೆಡಹುವಾಗ ವಿಡಿಯೋ: ಇಷ್ಟೂ ಆಗಲೇಬೇಕು, ತಪ್ಪಿದರೆ ಅಧಿಕಾರಿಯೇ ಕೈಯಿಂದ ತೆರಬೇಕಾದೀತು. ರಸ್ತೆ, ನದಿ, ಕೆರೆ ಮುಂತಾದ ಸಾರ್ವಜನಿಕ ಜಾಗದ ಒತ್ತುವರಿಗೆ ಈ ಕಟ್ಟುಪಾಡುಗಳು ಅನ್ವಯಿಸುವುದಿಲ್ಲವೆಂದು ಅದೇ ತೀರ್ಪಿನಲ್ಲಿದೆ. ಮರುತಿಂಗಳ ಇನ್ನೊಂದು ತೀರ್ಪಿನಲ್ಲಿ, ಕಾಲ ಕಳೆದಿದೆ ಅಥವಾ ಹಣ ಹೂಡಿಯಾಗಿದೆ ಎಂಬ ಕಾರಣಕ್ಕೆ ಅನಧಿಕೃತ ಕಟ್ಟಡ ಸಕ್ರಮವಾಗದೆಂದು ಅದೇ ನ್ಯಾಯಾಲಯ ಹೇಳಿದೆ. ಒಂದು ಕೈ ಕಟ್ಟಿದಂತೆಯೂ ಇನ್ನೊಂದು ಕೈ ಬಿಟ್ಟಂತೆಯೂ ಕಾಣುತ್ತದೆ. ನನಗೇನೋ ಇದು ಸರಿಯೆನ್ನಿಸುತ್ತದೆ.

ಗೋಮಾಳ, ಗುಂಡುತೋಪು, ರಾಜಕಾಲುವೆ, ಬಿ ಖರಾಬು (ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ, ಸಾಗುವಳಿಯಲ್ಲದ ನೆಲ) ಇವುಗಳ ವಿಷಯ ಬೇರೆ. ಅಲ್ಲಿ ನೀನು ಕಾಯಬೇಕಾದ್ದಿಲ್ಲ. ಭೂಕಂದಾಯ ಕಾಯ್ದೆಯ 104ನೇ ಕಲಮಿನಂತೆ ತೆರವು ಮಾಡಿಸಲು ಕಂದಾಯ ಇಲಾಖೆಗೆ ಬರೆ. ಖಾಸಗಿ ಜಮೀನಿನ ಮಧ್ಯೆ ಹಾದುಹೋಗುವ ಕಾಲುವೆಯನ್ನೂ ಗ್ರಾಮನಕ್ಷೆಯಲ್ಲಿ ತೋರಿಸಿದ ದಾರಿಯನ್ನೂ ಮುಚ್ಚಿ ಸೈಟು ಮಾಡುವುದು ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ನಡೆಯುವ ಮೋಸ. ಬತ್ತಿದ ಕಾಲುವೆಯಲ್ಲವೇ ಎನ್ನುತ್ತಾರೆ. ಈಗ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಒಂದು ಕೆರೆಯಿಂದ ಇನ್ನೊಂದಕ್ಕೆ ಹರಿಯಬೇಕಾದದ್ದು ಅದೇ ಕಾಲುವೆಗಳಲ್ಲಿ.

ಖಾತೆಗಾಗಿ ಬರುವ ಒತ್ತಡವೇ ನಿನಗೆ ದೊಡ್ಡದಾದೀತು. ಪಂಚಾಯತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನಲ್ಲಿ ಅಧಿಕೃತ ಆಸ್ತಿಯ ನಮೂನೆ ಕೊಡುವಾಗ ಗ್ರಾಮಠಾಣವೋ (ಊರಿನ ವಾಸದ ನೆಲೆ), ಒಪ್ಪಿಗೆ ಪಡೆದ ಬಡಾವಣೆಯೋ ಎಂದು ಖಚಿತಪಡಿಸಿಕೊಳ್ಳದೆ ಸಹಿ ಹಾಕಬೇಡ. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಅಭಿವೃದ್ಧಿಗೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲ ಎಂದು ಸದಸ್ಯರಿಗೂ ತಿಳಿಹೇಳು. ‘ಇಂದಲ್ಲ ನಾಳೆ ಅಕ್ರಮ ಸಕ್ರಮ ಬರುತ್ತದೆ’ ಎಂದು, ಅಕ್ರಮವನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧ ಮಾಡುವ ಯೋಜನೆಯ ಆಸೆಯನ್ನು ಸೈಟು ಮಾರುವವನೇ ಹುಟ್ಟಿಸುತ್ತಾನೆ. ನಗರಗಳಿಗೆಂದು ತಂದ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ನೋಂದಾಯಿತ ಕ್ರಯಪತ್ರವಿಲ್ಲದೆ ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಕೊಂಡವರಿಗೆ ಅದರಿಂದ ಹಕ್ಕು ಬರುವುದಿಲ್ಲವೆಂದು 2011ರಲ್ಲೇ ತೀರ್ಪಾಗಿದೆ. ಇವೆರಡನ್ನೂ ಅಚ್ಚ ಕನ್ನಡದಲ್ಲಿ ಬರೆಸಿ, ಒಪ್ಪಿಗೆಯಿಲ್ಲದ ಸರ್ವೆ ನಂಬರುಗಳ ಪಟ್ಟಿಯೊಂದಿಗೆ ಪಂಚಾಯತಿ ಬೋರ್ಡಿನಲ್ಲಿ ಹಾಕಿಸು. ನೂರು ನೋಟಿಸಿಗಿಂತ ಆ ಪಟ್ಟಿಗೇ ಅವರು ಹೆದರುತ್ತಾರೆ.

ಆದರೆ ಇದೇ ಬಿಗಿಯನ್ನು ಬೇಸಾಯಗಾರನ ಮೇಲೆ ತೋರಿಸಬೇಡ. ರೈತ ತನ್ನ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ತೋಟದ ಮನೆ, ಬಾವಿ ಮಾಡಿಕೊಳ್ಳಲು 95ನೇ ಕಲಮೇ ಅವಕಾಶ ಕೊಟ್ಟಿದೆ, ಹಿಡುವಳಿಯ ಶೇ. 10ರ ಮಿತಿಯೊಳಗಿನ ತೋಟದ ಮನೆಗೆ ಪರಿವರ್ತನೆ ಬೇಕಿಲ್ಲ. ರೇಷ್ಮೆ ಹುಳು ಸಾಕುವ ಮನೆಗೆ ನೋಟಿಸು ಕೊಟ್ಟು ಪಕ್ಕದ ರೆಸಾರ್ಟನ್ನು ಬಿಟ್ಟರೆ ಊರು ನಿನ್ನ ಮಾತನ್ನು ಮತ್ತೆ ನಂಬುವುದಿಲ್ಲ.

ಮುಂದಿನ ಭಾನುವಾರ ಬಿಡುವು ಮಾಡಿಕೊಂಡು ನಿನ್ನ ಹಳ್ಳಿಗಳ ಗ್ರಾಮನಕ್ಷೆ, ಆಕಾರ್‌ಬಂದ್ ಪ್ರತಿಗಳನ್ನು ಹಿಡಿದು ಮನೆಗೆ ಬಾ. ಯಾವ ಸರ್ವೆ ನಂಬರಿನಲ್ಲಿ ಬಿ ಖರಾಬು ಎಷ್ಟಿದೆ, ಕಾಲುವೆ ಎಲ್ಲಿ ಹಾದಿದೆ ಎಂದು ಇಬ್ಬರೂ ಕೂತು ಗುರುತು ಹಾಕೋಣ. ಅತ್ತೆ ಊಟಕ್ಕೆ ಕಾಯುತ್ತಾಳೆ.

ಇಂತಿ ನಿನ್ನ ಹಿತಚಿಂತಕ,
ಸೋದರಮಾವ