ನೂರ್ ಹೆಸರಿನಲ್ಲೊಂದು ಫಲಕ ಬೇಕು

ಮಾನ್ಯರೇ,

ಟಿಪ್ಪು ಸುಲ್ತಾನರ ವಂಶದ ಕುಡಿ, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗೂಢಚಾರಿಣಿಯಾಗಿದ್ದ ನೂರ್ ಇನಾಯತ್ ಖಾನ್ ಬಗ್ಗೆ ನಮ್ಮ ಮಕ್ಕಳಿಗೆ ಗೊತ್ತಾಗಬೇಕು. 1940ರಲ್ಲಿ ಬ್ರಿಟನ್ನಿನ ಮಹಿಳಾ ಸಹಾಯಕ ವಾಯುಪಡೆ ಸೇರಿ ವೈರ್‌ಲೆಸ್ ಕಲಿತ ಆಕೆ, 1943ರ ಜೂನ್‌ನಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿಗೆ ಗುಟ್ಟಾಗಿ ಹೋಗಿ ಇಳಿದರು. ಸೂಟ್‌ಕೇಸಿನೊಳಗೆ ಟ್ರಾನ್ಸ್‌ಮಿಟರ್. ಏರಿಯಲ್ ತಂತಿ ಎಳೆದು ಸಂಕೇತದಲ್ಲಿ ಸಂದೇಶ ಕಳಿಸುವ ಮೋರ್ಸ್ ಕೀ ಒತ್ತಿದರೆ ಸಾಕು, ಸಿಗ್ನಲ್‌ನ ಜಾಡು ಹಿಡಿದು ಜರ್ಮನ್ ವ್ಯಾನುಗಳು ಬರುವ ಭಯ. ಸಂಗಡಿಗರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬರಲು ಲಂಡನ್ ಹೇಳಿದರೂ ಆಕೆ ಪ್ಯಾರಿಸ್ ಬಿಡಲಿಲ್ಲ. ಎಂಥ ಗುಂಡಿಗೆ! ಕೊನೆಗೆ ದ್ರೋಹಕ್ಕೆ ಬಲಿಯಾಗಿ ಜರ್ಮನ್ನರ ಕೈಗೆ ಸಿಕ್ಕಿ, 1944ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಡಕಾವ್ ನಾಜಿ ಸೆರೆಶಿಬಿರದಲ್ಲಿ ಗುಂಡೇಟಿಗೆ ಪ್ರಾಣ ಕೊಟ್ಟಾಗ ವಯಸ್ಸು ಬರೀ ಮೂವತ್ತು.

ಲಂಡನ್ನಿನಲ್ಲಿ ಆಕೆಯ ಪ್ರತಿಮೆಯಿದೆ. ಶ್ರೀರಂಗಪಟ್ಟಣದಲ್ಲಿ, ಪ್ರವಾಸಿಗರ ಕಣ್ಣಿಗೆ ಬೀಳುವಂತೆ, ಸರ್ಕಾರ ಒಂದು ಮಾಹಿತಿ ಫಲಕ ಹಾಕಿಸಲಿ.

– ಓರ್ವ ಓದುಗ, ಮಂಡ್ಯ