ಜಿಪ್ಸಿಗೆ ಅಳತೆ ನೋಡದೆ ಹಾಕಿದ ಬಾಡಿ ಲಿಫ್ಟ್ ಮತ್ತು 31 ಇಂಚಿನ ಟೈರುಗಳ ಬಗ್ಗೆ ದೂರು

ಇವರಿಂದ:
ಒಬ್ಬ ಕಾಫಿ ಬೆಳೆಗಾರ,
ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ

ಇವರಿಗೆ:
ಮಾಲೀಕರು,
ಆಫ್‌ರೋಡ್ ವಾಹನಗಳ ವರ್ಕ್‌ಶಾಪ್, ಬೆಂಗಳೂರು

ವಿಷಯ: ತಪ್ಪು ಸಲಹೆ ಕೊಟ್ಟು ಮಾಡಿದ ಮಾರ್ಪಾಡನ್ನು ನಿಮ್ಮ ಖರ್ಚಿನಲ್ಲೇ ಬಿಚ್ಚಿ, ಹಣ ವಾಪಸು ಕೊಡುವ ಕುರಿತು

ಮಾನ್ಯರೇ,

ನನ್ನ 2011ನೇ ಮಾಡೆಲ್ ಮಾರುತಿ ಜಿಪ್ಸಿಗೆ ಈ ಸಲದ ಮಳೆಗಾಲ ಹಿಡಿಯುವ ಮೊದಲು ನಿಮ್ಮಲ್ಲಿ 2 ಇಂಚಿನ ಬಾಡಿ ಲಿಫ್ಟ್ ಮಾಡಿ, 31×10.5 ಆರ್15 ಅಳತೆಯ ನಾಲ್ಕು ಮಡ್ ಟೈರು ಮತ್ತು ಅಗಲದ ರಿಮ್ಮುಗಳನ್ನು ಹಾಕಿಕೊಟ್ಟಿರಿ. ಬಿಲ್ಲಿನ ಪ್ರತಿ, ಕೆಳಗೆ ಹೇಳಿರುವ ಪ್ರತಿಯೊಂದು ದೋಷದ ಫೋಟೊ ಈ ಪತ್ರದ ಜೊತೆಗಿವೆ. ಫೋನಿನಲ್ಲಿ ಹೇಳಿಕೊಂಡಾಗಲೆಲ್ಲ ನಿಮ್ಮ ಮ್ಯಾನೇಜರ್ "ಹೊಸದರಲ್ಲಿ ಹಾಗೇ ಸರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಎಂದರು. ಸೆಟ್ ಆಗಲಿಲ್ಲ. ಓಡಿಸಿದರೆ ಸರಿಹೋಗುವ ದೋಷಗಳೂ ಇವಲ್ಲ. ಅದಕ್ಕೇ ಈಗ ಬರವಣಿಗೆಯಲ್ಲಿ ತಿಳಿಸುತ್ತಿದ್ದೇನೆ.

ನಾನು ನಿಮ್ಮಲ್ಲಿಗೆ ಬಂದಾಗ ಕೇಳಿದ್ದೇನು ಎಂಬುದನ್ನು ಮೊದಲು ನೆನಪಿಸುತ್ತೇನೆ. ನಮ್ಮ ತೋಟದೊಳಗಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿ ಜಾಡು ಬಿದ್ದಿದೆ, ನಡುವೆ ದಿಬ್ಬ ಎದ್ದಿದೆ. ಜಿಪ್ಸಿಯ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಕೆಳಕ್ಕೆ ಉಬ್ಬಿರುವ ಗೇರಿನ ಪೆಟ್ಟಿಗೆ) ಆ ದಿಬ್ಬಕ್ಕೆ ಉಜ್ಜುತ್ತದೆ. ಅದು ಉಜ್ಜಬಾರದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೆಸರಿನಲ್ಲಿ ಹಿಡಿತ ಸಿಗಬೇಕು, ಗೊಬ್ಬರದ ಮೂಟೆ ಹೇರಿಕೊಂಡು, ಕೆಲಸದವರನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಧೈರ್ಯವಾಗಿ ಇಳಿಯಬೇಕು. ಕೇಳಿದ್ದು ಇಷ್ಟೇ. 215/75 ಆರ್15 ಅಳತೆಯ ಟೈರು ಸಾಕಾಗುತ್ತದೆಯೇ ಎಂದೂ ಕೇಳಿದ್ದೆ. "ಅದು ಹಾಕಿದ್ರೂ ಒಂದೇ ಬಿಟ್ರೂ ಒಂದೇ ಸರ್, ಕಾಣೋದೇ ಇಲ್ಲ. ಎರಡು ಇಂಚು ಲಿಫ್ಟ್ ಮಾಡಿದ್ರೆ ಎರಡು ಇಂಚು ಕ್ಲಿಯರೆನ್ಸ್ ಸಿಗುತ್ತೆ, 31 ಹಾಕಿ" ಎಂದವರು ನಿಮ್ಮ ಮ್ಯಾನೇಜರ್. ಯಾರೂ ಟೇಪು ಹಿಡಿದು ಅಳೆಯಲಿಲ್ಲ. ಎಷ್ಟು ಭಾರ ಹೇರುತ್ತೀರಿ, ರಸ್ತೆ ಎಷ್ಟು ಕಡಿದು, ತಿರುವು ಎಷ್ಟು ಬಿಗಿ ಎಂದು ಯಾರೂ ಕೇಳಲಿಲ್ಲ.

ನನ್ನ ಮೊದಲ ಆಕ್ಷೇಪ ಆ "ಎರಡು ಇಂಚು ಕ್ಲಿಯರೆನ್ಸ್" ಎಂಬ ಮಾತಿಗೆ. ಬಾಡಿ ಲಿಫ್ಟ್ ಎಂದರೆ ಚಾಸಿಸ್‌ಗೂ ಬಾಡಿಗೂ ನಡುವೆ ಬ್ಲಾಕ್ ಇಟ್ಟು, ಉದ್ದದ ಬೋಲ್ಟ್ ಹಾಕಿ ಬಾಡಿಯನ್ನಷ್ಟೇ ಮೇಲೆತ್ತುವುದು. ಚಾಸಿಸ್, ಆಕ್ಸಲ್, ಡಿಫರೆನ್ಷಿಯಲ್, ಲೀಫ್ ಸ್ಪ್ರಿಂಗ್ ಎಲ್ಲವೂ ಇದ್ದಲ್ಲೇ ಇರುತ್ತವೆ. ತಲೆಗೆ ಪೇಟ ಸುತ್ತಿದರೆ ಕಾಲು ಉದ್ದವಾಗುವುದಿಲ್ಲ. ನನ್ನ ಗಾಡಿಯಲ್ಲಿ ಡಿಫರೆನ್ಷಿಯಲ್ ನೆಲದಿಂದ ಎಷ್ಟು ಏರಿದೆಯೋ ಅಷ್ಟೂ ಟೈರಿನಿಂದ ಬಂದದ್ದು, ಲಿಫ್ಟಿನಿಂದ ಒಂದು ಮಿಲಿಮೀಟರೂ ಇಲ್ಲ. ದೊಡ್ಡ ಟೈರು ಮಡ್‌ಗಾರ್ಡಿಗೆ ತಾಗದಂತೆ ಜಾಗ ಮಾಡಿಕೊಡುವುದು ಬಾಡಿ ಲಿಫ್ಟಿನ ಕೆಲಸ, ಆ ಕೆಲಸಕ್ಕೆ ಅದು ಯೋಗ್ಯವಾದದ್ದೇ. ಅದನ್ನು ಗ್ರೌಂಡ್ ಕ್ಲಿಯರೆನ್ಸ್ ಎಂದು ಹೇಳಿ ಮಾರುವುದು ಗ್ರಾಹಕನಿಗೆ ಸುಳ್ಳು ಹೇಳಿದಂತೆ.

ಎರಡನೆಯದು ಟೈರಿನ ಅಳತೆ. ಕಂಪನಿ ಕೊಟ್ಟ 205/70 ಆರ್15 ಟೈರಿನ ವ್ಯಾಸ ಲೆಕ್ಕಕ್ಕೆ 668 ಮಿ.ಮೀ. ನಾನು ಕೇಳಿದ 215/75 ಹಾಕಿದ್ದರೆ 704 ಮಿ.ಮೀ. ಆಗುತ್ತಿತ್ತು. ವ್ಯಾಸ ಹೆಚ್ಚಿದಷ್ಟರಲ್ಲಿ ಅರ್ಧ ಮಾತ್ರ ಆಕ್ಸಲ್‌ನ ಕೆಳಗೆ ಸಿಗುವುದರಿಂದ ಡಿಫರೆನ್ಷಿಯಲ್ 18 ಮಿ.ಮೀ. ಏರುತ್ತಿತ್ತು. 235/75ಕ್ಕೆ ಹೋಗಿದ್ದರೆ ವ್ಯಾಸ 734, ಏರಿಕೆ 33 ಮಿ.ಮೀ. ನೀವು ಹಾಕಿದ 31 ಇಂಚಿನದು 787 ಮಿ.ಮೀ. ಅಂದರೆ ಸಿಕ್ಕ ಎತ್ತರ 60 ಮಿ.ಮೀ. ಎತ್ತರ ಸಿಕ್ಕಿತಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಗಾಡಿ ತೆತ್ತ ಬೆಲೆಯೇನು ಎಂದು ಮುಂದೆ ಹೇಳುತ್ತೇನೆ.

ಜಿಪ್ಸಿಯದು 1.3 ಲೀಟರಿನ, 80 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಟೈರಿನ ಸುತ್ತಳತೆ ಸುಮಾರು ಶೇ. 18ರಷ್ಟು ಹೆಚ್ಚಿದ ಮೇಲೆ ಪ್ರತಿ ಗೇರೂ ಅಷ್ಟು ಎತ್ತರದ ಗೇರಾಗುತ್ತದೆ, ಅಂದರೆ ಎಳೆತ ಕಡಿಮೆಯಾಗುತ್ತದೆ. ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ದಿಣ್ಣೆಗೆ ಈಗ ಮೊದಲ ಗೇರು ಬೇಕು, ಮೊದಲ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಕ್ಲಚ್ ಸುಡುವ ವಾಸನೆ. ಏರಿಗಿಂತ ಇಳಿಜಾರೇ ಹೆಚ್ಚು ಅಪಾಯ. ಕಡಿಮೆ ವೇಗ, ಹೆಚ್ಚು ಎಳೆತದ ಲೋ ರೇಂಜಿನ ಮೊದಲ ಗೇರಿನಲ್ಲಿ ಎಂಜಿನ್ ಹಿಡಿದುಕೊಂಡು ನಿಧಾನಕ್ಕೆ ಇಳಿಸುತ್ತಿದ್ದ ಗಾಡಿ ಈಗ ಮುಂದಕ್ಕೆ ಜಾರುತ್ತದೆ, ಕಾಲು ಬ್ರೇಕಿನ ಮೇಲೇ ಇರಬೇಕು. ಬ್ರೇಕಿನ ಕತೆಯೂ ಅಷ್ಟೇ. ಡಿಸ್ಕು, ಡ್ರಮ್ಮು ಹಳೆಯವೇ, ಟೈರಿನ ತ್ರಿಜ್ಯ ಮಾತ್ರ ದೊಡ್ಡದು. ಅದೇ ಒತ್ತಡದಲ್ಲಿ ಪೆಡಲ್ ತುಳಿದರೆ ನೆಲದಲ್ಲಿ ಸಿಗುವ ತಡೆ ಸುಮಾರು ಶೇ. 15ರಷ್ಟು ಕಡಿಮೆ, ಟೈರಿನ ಭಾರ ಬೇರೆ. ಸ್ಪೀಡೋಮೀಟರ್ 50 ತೋರಿಸುವಾಗ ಗಾಡಿ ಓಡುತ್ತಿರುವುದು ಸುಮಾರು 59ರಲ್ಲಿ. ಇಷ್ಟು ದೊಡ್ಡ ಟೈರು ಹಾಕುವವರು ಎಂಜಿನ್ನಿನ ಬಲವನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರುಗಳನ್ನೂ ಬದಲಿಸಿ ಅನುಪಾತ ಸರಿಮಾಡಿಕೊಳ್ಳುತ್ತಾರೆ. ನಿಮ್ಮಲ್ಲಿ ಯಾರೊಬ್ಬರೂ ಆ ವಿಷಯ ಎತ್ತಲಿಲ್ಲ.

ಇನ್ನು ಅಗಲ. ಹತ್ತೂವರೆ ಇಂಚು ಅಂದರೆ 267 ಮಿ.ಮೀ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರಿನ ಒಳಬದಿ ಮುಂದಿನ ಲೀಫ್ ಸ್ಪ್ರಿಂಗಿಗೆ ಉಜ್ಜುತ್ತದೆ. ಬಾಡಿಯನ್ನು ಎಷ್ಟೇ ಎತ್ತಿದರೂ ಈ ಉಜ್ಜಾಟ ತಪ್ಪುವುದಿಲ್ಲ, ಏಕೆಂದರೆ ಸ್ಪ್ರಿಂಗ್ ಬಾಡಿಯ ಜೊತೆ ಮೇಲೇಳುವುದಿಲ್ಲ. ಇದು ನಿಮ್ಮವರಿಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಹೇಳದೆ ಸ್ಟಿಯರಿಂಗ್ ಸ್ಟಾಪರ್ ಬೋಲ್ಟನ್ನು ಹೊರಕ್ಕೆ ಬಿಟ್ಟು, ಚಕ್ರ ಪೂರ್ತಿ ತಿರುಗದಂತೆ ಮಾಡಿದ್ದಾರೆ. ಆ ಬೋಲ್ಟಿನ ಎಳೆಗಳ ಮೇಲೆ ಹೊಸ ಸ್ಪ್ಯಾನರ್ ಗುರುತು ಫೋಟೊದಲ್ಲಿ ಸ್ಪಷ್ಟವಾಗಿದೆ. ಪರಿಣಾಮ, ಒಂದೇ ಎಳೆತಕ್ಕೆ ತಿರುಗುತ್ತಿದ್ದ ತೋಟದ ತಿರುವುಗಳಲ್ಲಿ ಈಗ ಹಿಂದೆ ಮುಂದೆ ಮಾಡಬೇಕು. ಒಂದು ಬದಿ ದರೆ, ಇನ್ನೊಂದು ಬದಿ ಕಂದಕ ಇರುವ ಕಡೆ, ಸುರಿಯುವ ಮಳೆಯಲ್ಲಿ, ಹಿಂದೆ ಜನ ಕೂತಿರುವಾಗ ರಿವರ್ಸ್ ತೆಗೆಯುವುದು ಎಂದರೇನು ಎಂದು ಮಲೆನಾಡಿನಲ್ಲಿ ಗಾಡಿ ಓಡಿಸುವ ಯಾರನ್ನು ಬೇಕಾದರೂ ಕೇಳಿ. ನಮ್ಮ ಕಡೆಯ ಕೆಸರಿಗೆ ಮೇಲಿನ ಜಾರು ಮಣ್ಣನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುವ ಕಿರಿದಾದ ಟೈರೇ ಒಳ್ಳೆಯದು. ಹಗುರ ಗಾಡಿಗೆ ಅಷ್ಟು ಅಗಲದ ಟೈರು ಕಟ್ಟಿದರೆ ಅದು ಕೆಸರಿನ ಮೇಲೇ ತೇಲುತ್ತದೆ.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯಕ್ಕೆ ಬರುತ್ತೇನೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಚಾಸಿಸ್‌ಗೆ ಸೇರಿದ್ದು. ಅದರ ಲಿವರ್ ಬಾಡಿಯ ನೆಲದ ತಗಡಿನಲ್ಲಿರುವ ತೂತಿನ ಮೂಲಕ ಮೇಲೆ ಬರುತ್ತದೆ. ಬಾಡಿಯನ್ನು 2 ಇಂಚು ಎತ್ತಿದರೆ ತೂತೂ ಅಷ್ಟೇ ಮೇಲೇರುತ್ತದೆ, ಲಿವರ್ ಮಾತ್ರ ಕೆಳಗೇ ಉಳಿಯುತ್ತದೆ. ಹಾಗಾಗಿ ತಗಡನ್ನು ಕತ್ತರಿಸಿ ತೂತು ದೊಡ್ಡದು ಮಾಡಬೇಕು, ಇಲ್ಲವೇ ಲಿವರನ್ನು ಬಗ್ಗಿಸಿ ಸರಿಮಾಡಬೇಕು. ನೀವು ಎರಡನ್ನೂ ಮಾಡಲಿಲ್ಲ. ಜುಲೈನಲ್ಲಿ, ಹಳ್ಳದ ಕಡೆಗೆ ಇಳಿಯುವ ದಾರಿಯಲ್ಲಿ, 4ಎಲ್‌ಗೆ (ಫೋರ್‌ವೀಲ್ ಲೋ ರೇಂಜಿಗೆ) ಹಾಕಿದ್ದ ಲಿವರ್ ಅರ್ಧ ಇಳಿಜಾರಿನಲ್ಲಿ ತಾನಾಗಿ ನ್ಯೂಟ್ರಲ್‌ಗೆ ಜಾರಿತು. ಎಂಜಿನ್ನಿನ ಹಿಡಿತ ಪೂರ್ತಿ ಹೋಯಿತು. ಹಿಂದೆ ನಮ್ಮ ಮೇಸ್ತ್ರಿ ಮತ್ತು ಮೂವರು ಹೆಂಗಸರು ಕೂತಿದ್ದರು. ಡ್ರೈವರ್ ಬ್ರೇಕ್ ಒತ್ತಿ ಗಾಡಿಯನ್ನು ದರೆಗೆ ಒರಗಿಸಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಸಕಲೇಶಪುರದ ಮೆಕ್ಯಾನಿಕ್ ಲಿವರಿನ ರಬ್ಬರ್ ಬೂಟ್ ಬಿಚ್ಚಿ ತೋರಿಸಿದರು: ಲಿವರಿನ ಸರಳು ತಗಡಿನ ಅಂಚಿಗೆ ತಾಗಿ ತಾಗಿ ಬಣ್ಣ ಕಿತ್ತು, ಬೆರಳಗಲದಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. 4ಎಲ್‌ಗೆ ಪೂರ್ತಿ ಹೋಗುವ ಮೊದಲೇ ತಗಡು ಅದನ್ನು ತಡೆಯುತ್ತಿತ್ತು. ಗೇರಿನ ಹಲ್ಲುಗಳು ಅರ್ಧಂಬರ್ಧ ಕಚ್ಚಿಕೊಂಡಿದ್ದವು. ಗಾಡಿ ನಿಮ್ಮ ವರ್ಕ್‌ಶಾಪಿನಲ್ಲಿದ್ದಾಗಲೇ ಯಾರಾದರೂ ಒಬ್ಬರು ಒಂದು ಸಲ 4ಎಲ್ ಹಾಕಿ ನೋಡಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತು.

ಅದೇ ಮೆಕ್ಯಾನಿಕ್ ಇನ್ನೂ ಕೆಲವನ್ನು ತೋರಿಸಿದರು. ಪೆಟ್ರೋಲ್ ಟ್ಯಾಂಕ್ ಚಾಸಿಸ್ ಮೇಲಿದೆ, ಪೆಟ್ರೋಲ್ ಹಾಕುವ ಬಾಯಿ ಬಾಡಿಯಲ್ಲಿದೆ. ಎರಡರ ನಡುವಿನ ರಬ್ಬರ್ ಹೋಸು ಎಳೆದುಕೊಂಡು ಕ್ಲಾಂಪಿನ ತುದಿಗೆ ಬಂದು ನಿಂತಿದೆ, ಟ್ಯಾಂಕ್ ತುಂಬಿಸಿದರೆ ಅಲ್ಲಿ ಪೆಟ್ರೋಲ್ ಒಸರುತ್ತದೆ. ರೇಡಿಯೇಟರ್ ಬಾಡಿಯ ಜೊತೆ ಮೇಲೆದ್ದು ಫ್ಯಾನ್ ಕೆಳಗೇ ಉಳಿದಿರುವುದರಿಂದ ಫ್ಯಾನಿನ ಎಲೆ ಅದರ ಸುತ್ತಲಿನ ಹೊದಿಕೆಯಾದ ಶ್ರೌಡಿನ ಕೆಳ ಅಂಚನ್ನು ಕೆರೆಯುತ್ತಿದೆ. ಸ್ಟಿಯರಿಂಗ್ ಬಾಕ್ಸಿಗೂ ಮೇಲಿನ ಕಂಬಕ್ಕೂ ನಡುವಿನ ಶಾಫ್ಟಿಗೆ ಏನೂ ಮಾಡಿಲ್ಲ, ಅದೂ ಎಳೆದುಕೊಂಡೇ ಕೆಲಸ ಮಾಡುತ್ತಿದೆ. ಬಾಡಿ ಲಿಫ್ಟ್ ಎಂದರೆ ಬ್ಲಾಕಿಗಿಂತ ಹೆಚ್ಚಾಗಿ ಇವೇ ಕೆಲಸಗಳು. ಬ್ಲಾಕ್ ಇಡುವುದನ್ನು ಯಾರು ಬೇಕಾದರೂ ಮಾಡಬಹುದು. ಇವಕ್ಕಾಗಿಯೇ ಜನ ನಿಮ್ಮಂಥ ವರ್ಕ್‌ಶಾಪಿಗೆ ಹಣ ಕೊಟ್ಟು ಬರುವುದು.

ಸ್ಟೆಪ್ನಿಯ ಬಗ್ಗೆಯೂ ಹೇಳಬೇಕು. ನಾಲ್ಕು ಟೈರು ಮಾರಿದಿರಿ, ಹಿಂಬಾಗಿಲಿನಲ್ಲಿ ಹಳೆಯ 205/70 ಹಾಗೇ ಉಳಿಯಿತು. ಜಿಪ್ಸಿಯ ಫೋರ್‌ವೀಲ್‌ನಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ಒಂದು ಚಕ್ರದ ವ್ಯಾಸ ಉಳಿದವಕ್ಕಿಂತ 119 ಮಿ.ಮೀ. ಕಡಿಮೆ ಇದ್ದಾಗ ಫೋರ್‌ವೀಲ್ ಹಾಕಿದರೆ ಆ ಎಳೆದಾಟವನ್ನೆಲ್ಲ ಟ್ರಾನ್ಸ್‌ಫರ್ ಕೇಸ್ ಮತ್ತು ಶಾಫ್ಟುಗಳು ತಡೆದುಕೊಳ್ಳಬೇಕು. ಕಾಡಿನಂಚಿನಲ್ಲಿ ಪಂಕ್ಚರ್ ಆದರೆ ನನ್ನ ಬಳಿ ಬಳಸಬಹುದಾದ ಸ್ಟೆಪ್ನಿಯೇ ಇಲ್ಲ ಎಂದಾಯಿತು. ಹೊಸ ಜಿಪ್ಸಿ ಕೊಳ್ಳೋಣವೆಂದರೆ 2019ರಲ್ಲೇ ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ ನಿಂತಿದೆ. ಇರುವುದನ್ನು ಜೋಪಾನವಾಗಿ ಉಳಿಸಿಕೊಳ್ಳಬೇಕಾದವನಿಗೆ ಒಂದು ಟ್ರಾನ್ಸ್‌ಫರ್ ಕೇಸ್ ಹೋದರೆ ಎಷ್ಟು ಕಷ್ಟ ಎಂದು ನಿಮಗೇ ಚೆನ್ನಾಗಿ ಗೊತ್ತು.

ಆರ್‌ಟಿಓ ವಿಷಯ ಕೇಳಿದಾಗ "ಅದೆಲ್ಲ ಯಾರೂ ಕೇಳಲ್ಲ ಸರ್" ಎಂಬ ಉತ್ತರ ಬಂದಿತ್ತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಹೊಣೆ ವಾಹನದ ಮಾಲೀಕನ ಮೇಲೆ: ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡೂ. ಗಾಡಿಗೆ 15 ವರ್ಷ ತುಂಬಿದಾಗ ಆರ್‌ಸಿ ನವೀಕರಣಕ್ಕೆ ಅದನ್ನು ತಪಾಸಣೆಗೆ ತೆಗೆದುಕೊಂಡು ಹೋಗಬೇಕಾದವನು ನಾನು, ಅಲ್ಲಿ ನಿಮ್ಮ ಮ್ಯಾನೇಜರ್ ನನ್ನ ಪಕ್ಕ ನಿಲ್ಲುವುದಿಲ್ಲ. ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕೆಂಬ ಮಾತನ್ನೂ ನೀವು ಆಡಲಿಲ್ಲ. ಈ ದಂಧೆ ಮಾಡುವವರು ಗ್ರಾಹಕನ ಕೈಗೆ ಬಿಲ್ಲು ಕೊಡುವ ಮುಂಚೆ ಹೇಳಲೇಬೇಕಾದ ಮಾತುಗಳಿವು.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಬಾಡಿ ಲಿಫ್ಟಿನ ಬ್ಲಾಕುಗಳನ್ನು ತೆಗೆದು, ಹೊಸ ಮೌಂಟಿಂಗ್ ರಬ್ಬರು ಮತ್ತು ಮೂಲ ಅಳತೆಯ ಬೋಲ್ಟು ಹಾಕಿ ಬಾಡಿಯನ್ನು ಮೊದಲಿನ ಮಟ್ಟಕ್ಕೆ ಕೂರಿಸಿಕೊಡಿ. ಪೆಟ್ರೋಲ್ ಹೋಸು ಮತ್ತು ಫ್ಯಾನ್ ಶ್ರೌಡು ಹೊಸದಾಗಿ ಹಾಕಿ, ಸ್ಟಿಯರಿಂಗ್ ಸ್ಟಾಪರನ್ನು ಕಂಪನಿಯ ಅಳತೆಗೆ ತನ್ನಿ. ಟ್ರಾನ್ಸ್‌ಫರ್ ಕೇಸನ್ನು ನನ್ನ ಕಡೆಯ ಮೆಕ್ಯಾನಿಕ್ ಎದುರಿಗೆ ಬಿಚ್ಚಿ ನೋಡಬೇಕು, ಲೋ ಗೇರಿನ ಹಲ್ಲು ಸವೆದಿದ್ದರೆ ಬದಲಿಸುವ ಖರ್ಚು ನಿಮ್ಮದು. ಟೈರು, ರಿಮ್ಮು, ಲಿಫ್ಟ್, ಕೂಲಿ ಎಂದು ಬಿಲ್ಲಿನಲ್ಲಿ ಕಂಡಿರುವ ಪೂರ್ತಿ ಮೊತ್ತ ವಾಪಸು ಬರಬೇಕು. ಟೈರು, ರಿಮ್ಮುಗಳನ್ನು ನೀವು ವಾಪಸು ತೆಗೆದುಕೊಳ್ಳಬಹುದು. ಬದಲಿಗೆ ಬೇರೆ ಸಾಮಾನು ಅಥವಾ ಮುಂದಿನ ಸರ್ವಿಸ್‌ನಲ್ಲಿ ರಿಯಾಯಿತಿ ನನಗೆ ಬೇಡ.

ಈ ಸ್ಥಿತಿಯಲ್ಲಿ ಬಿಸಿಲೆಯ ಕಡೆಯಿಂದಾಗಲಿ ಶಿರಾಡಿ ದಾಟಿಸಿಯಾಗಲಿ ಯಾರ ಕೈಯಲ್ಲೂ ಈ ಗಾಡಿಯನ್ನು ಓಡಿಸಲು ನಾನು ಬಿಡುವುದಿಲ್ಲ. ಅದು ತೋಟದ ಶೆಡ್ಡಿನಲ್ಲಿದೆ. ಬೆಂಗಳೂರಿಗೆ ಒಯ್ದು ವಾಪಸು ತಂದುಬಿಡಲು ಫ್ಲ್ಯಾಟ್‌ಬೆಡ್ ಲಾರಿಯನ್ನು ನೀವೇ ಕಳಿಸಬೇಕು, ಅಥವಾ ಹಾಸನದಲ್ಲಿ ಒಪ್ಪಿತ ಗ್ಯಾರೇಜೊಂದರಲ್ಲಿ ಕೆಲಸ ಮಾಡಿಸಿ ಅಲ್ಲಿಗೇ ಹಣ ಕಟ್ಟಬೇಕು. ಎರಡರಲ್ಲಿ ಯಾವುದಾದರೂ ನನಗೆ ಒಪ್ಪಿಗೆ.

ಪತ್ರ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆ ಎಂದು ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಹಾಕಲು ಆ ಕಾಯ್ದೆಯಲ್ಲಿ ಅವಕಾಶವಿದೆ. ನವೆಂಬರಿನಲ್ಲಿ ಕಾಫಿ ಕುಯಿಲು ಶುರುವಾಗುವ ಮೊದಲು ಗಾಡಿ ನನಗೆ ಬೇಕು, ಕೆಲಸದ ದಿನ ಗೊತ್ತುಮಾಡುವಾಗ ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
(ಸಹಿ)
ಸ್ಥಳ: ಹೆತ್ತೂರು